ಉಜನಿ ನೀರು ಮಗ್ಗಲು ಬದಲಿಸಿದಾಗ...

ಟಾಕಳಿ-ಧೂಳಖೇಡ ಸೇತುವೆಯ ಮೇಲೆ ದಿನವೂ ಓಡಾಡುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಭೀಮೆಯ ನೀರು ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಮಳೆಗಾಲದಲ್ಲಿ ರಾಡಿ. ದಸರೆಯ ಹೊತ್ತಿಗೆ ತಿಳಿಯಾಯಿತು ಎನ್ನುವಷ್ಟರಲ್ಲಿ ಹಸಿರು. ಚಳಿಗಾಲದಲ್ಲಿ ಕೆಲವು ದಿನ ಹಸಿಮಣ್ಣಿನ ವಾಸನೆ. ಬೇಸಿಗೆಯಲ್ಲಿ ಮೇಲಿನಿಂದ ಬಿಟ್ಟ ನೀರು ಒಂದು ಸಲ ಚೆನ್ನಾಗಿಯೇ ಇರುತ್ತದೆ, ಇನ್ನೊಂದು ಸಲ ಕೊಡದಲ್ಲಿ ಹಿಡಿದಿಟ್ಟರೆ ಮರುದಿನ ಮೂಗು ಮುಚ್ಚಿಕೊಳ್ಳಬೇಕು!

"ಎಲ್ಲ ಪುಣೆಯ ಹೊಲಸು" ಎಂದು ಬೈದು ಜನ ಸುಮ್ಮನಾಗುತ್ತಾರೆ. ಮಾತು ಸುಳ್ಳೇನಲ್ಲ. ಪುಣೆ, ಪಿಂಪ್ರಿ-ಚಿಂಚವಡಗಳ ಚರಂಡಿ ನೀರು ಮುಳಾ-ಮುಠಾ, ಪವನಾ, ಇಂದ್ರಾಯಣಿ ಹೊಳೆಗಳ ಮೂಲಕ ಭೀಮೆಗೆ ಸೇರಿ ಉಜನಿ ಜಲಾಶಯಕ್ಕೆ ಬರುತ್ತದೆ. ಆದರೆ ಚರಂಡಿ ಹನ್ನೆರಡು ತಿಂಗಳೂ ಹರಿಯುತ್ತದಲ್ಲ? ವಾಸನೆ ಮಾತ್ರ ಕೆಲವೇ ವಾರ ಬರುವುದು, ಹಸಿರು ಕೆಲವೇ ತಿಂಗಳಲ್ಲಿ ಏಳುವುದು, ಮೀನು ಯಾವುದೋ ಒಂದು ಬೆಳಗಿನ ಜಾವ ಒಮ್ಮೆಲೇ ಸತ್ತು ತೇಲುವುದು ಏಕೆ?

ಇದಕ್ಕೆ ಉತ್ತರ ಜಲಾಶಯದ ಒಳಗೇ ಇದೆ. ನಿಂತ ನೀರು ಎಂದು ನಾವು ಕರೆಯುವುದು ನಿಜವಾಗಿ ನಿಂತಿರುವುದೇ ಇಲ್ಲ. ಅದು ದಿನಕ್ಕೊಮ್ಮೆ ಸಣ್ಣದಾಗಿ, ವರ್ಷಕ್ಕೆ ಕೆಲವು ಸಲ ದೊಡ್ಡದಾಗಿ ಮಗ್ಗಲು ಬದಲಿಸುತ್ತದೆ. ಹಾಗೆ ಮಗ್ಗಲು ಬದಲಿಸಿದಾಗ ತಳದಲ್ಲಿದ್ದದ್ದು ಮೇಲೆ ಬರುತ್ತದೆ.

ಹರವಿ ಅಲ್ಲ, ಪರಾತ

ಉಜನಿ ಅಣೆಕಟ್ಟು ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನಲ್ಲಿ, ಭೀಮಾನಗರದ ಹತ್ತಿರ ಇದೆ. 1980ರಲ್ಲಿ ಕಟ್ಟಿ ಮುಗಿಯಿತು. ಸರಕಾರಿ ಹೆಸರು ಯಶವಂತ ಸಾಗರ. ತುಂಬಿದಾಗ ಒಟ್ಟು 117 ಟಿಎಂಸಿ ನೀರು. ಅದರಲ್ಲಿ ಸುಮಾರು 53.5 ಟಿಎಂಸಿ ಮಾತ್ರ ಬಳಕೆಯ ಲೆಕ್ಕದ್ದು. ಉಳಿದ 63 ಟಿಎಂಸಿಗೂ ಹೆಚ್ಚು ನೀರಿಗೆ ಮರಾಠಿಯಲ್ಲಿ 'ಮೃತ ಸಾಠಾ' ಎನ್ನುತ್ತಾರೆ. ಉಜನಿ "ಮೈನಸ್"ಗೆ ಹೋಯಿತು ಎಂದು ಬೇಸಿಗೆಯಲ್ಲಿ ಪೇಪರಿನಲ್ಲಿ ಬರುವುದು ಈ ಮೃತ ಸಾಠಾಕ್ಕೆ ಕೈ ಹಾಕಿದಾಗ. 2024ರ ಬೇಸಿಗೆಯಲ್ಲಿ ಅದು ಮೈನಸ್ 50ಕ್ಕೂ ಕೆಳಗೆ ಇಳಿದಿತ್ತು.

ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ಬಹಳ ಆಳದ ಕಟ್ಟೆ ಎಂದೇ ಅನಿಸುತ್ತದೆ. ಹಾಗಿಲ್ಲ. ತುಂಬಿದ ಉಜನಿ ಸುಮಾರು 337 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. 117 ಟಿಎಂಸಿಯನ್ನು ಅಷ್ಟು ಜಾಗಕ್ಕೆ ಹಂಚಿ ನೋಡಿದರೆ ಸರಾಸರಿ ಆಳ ಬರುವುದು ಬರೀ 10 ಮೀಟರ್! ನಮ್ಮ ಕಡೆಯ ಎಷ್ಟೋ ಬಾವಿಗಳು ಇದಕ್ಕಿಂತ ಆಳ. ಇನ್ನೊಂದು ಲೆಕ್ಕ ಇನ್ನೂ ಸೋಜಿಗದ್ದು. ಪೂರ್ಣ ತುಂಬಿದ ಮಟ್ಟ ಸಮುದ್ರಮಟ್ಟದಿಂದ 496.83 ಮೀಟರ್, ಮೃತ ಸಾಠಾದ ಮಟ್ಟ 491.03 ಮೀಟರ್. ಅಂದರೆ ಕಾಲುವೆ, ಕಬ್ಬು, ಪಂಢರಪುರದ ವಾರಿ, ಸೊಲ್ಲಾಪುರದ ನಳ, ಎಲ್ಲ ಜಗಳವೂ ನಡೆಯುವುದು ಮೇಲಿನ ಆರು ಮೀಟರಿಗಿಂತ ಕಡಿಮೆ ದಪ್ಪದ ನೀರಿನ ಮೇಲೆ.

ಅಣೆಕಟ್ಟಿನ ಗೋಡೆಯ ಹತ್ತಿರ, ಹಳೆಯ ಹೊಳೆಪಾತ್ರದ ಮೇಲೆ ಮಾತ್ರ ಆಳ ಹೆಚ್ಚು. ಮೇಲಕ್ಕೆ ಭಿಗವಣದ ಕಡೆ ಹೋದಂತೆ ನೀರು ತೆಳುವಾಗುತ್ತ ಹೋಗಿ ಕೆಸರು ಬಯಲಾಗುತ್ತದೆ. ಚಳಿಗಾಲದಲ್ಲಿ ರಾಜಹಂಸಗಳು (ಫ್ಲೆಮಿಂಗೊ) ಅಲ್ಲಿಗೆ ಬಂದಿಳಿಯುವುದು ಆ ತೆಳು ನೀರಿನಲ್ಲಿ ಕಾಲೂರಿ ನಿಂತು ಕೆಸರು ಸೋಸಿ ತಿನ್ನಲಿಕ್ಕೆ. ಇಂದಾಪುರ ತಾಲೂಕಿನ ಪಳಸದೇವದಲ್ಲಿ ಮುಳುಗಿದ ಹಳೆಯ ಗುಡಿ ನೀರು ಬಹಳ ಇಳಿದ ವರ್ಷ ಬುಡದವರೆಗೆ ಕಾಣಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ಉಜನಿ ಆಳದ ಹರವಿಯಲ್ಲ, ಅಗಲದ ಪರಾತ. ಪರಾತದಲ್ಲಿಟ್ಟ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಊದಿದರೆ ಅಲುಗುತ್ತದೆ. ಮುಂದಿನ ಮಾತೆಲ್ಲ ಇದರಿಂದಲೇ ಹುಟ್ಟುವುದು.

ಮೇಲೆ ಬಿಸಿ, ಕೆಳಗೆ ತಂಪು

ಏಪ್ರಿಲ್ ತಿಂಗಳ ಮಧ್ಯಾಹ್ನ ಬಾವಿಗೆ ಜಿಗಿದು ಈಜಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಎದೆಮಟ್ಟ ನೀರು ಬೆಚ್ಚಗೆ, ಕಾಲು ಕೆಳಗೆ ಚಾಚಿದರೆ ಜುಂ ಎನ್ನುವಷ್ಟು ತಣ್ಣಗೆ. ಬಿಸಿಲಿನ ಕಾವು ಮೇಲಿನ ಒಂದೆರಡು ಮೀಟರಿನಲ್ಲೇ ಉಳಿಯುತ್ತದೆ. ಕಾದ ನೀರು ಹಗುರ, ಆದ್ದರಿಂದ ತಣ್ಣೀರಿನ ಮೇಲೆ ತೇಲಿಕೊಂಡಿರುತ್ತದೆ. ನೀರಿನ ಮೇಲೆ ಎಣ್ಣೆ ನಿಂತ ಹಾಗೆ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ.

ಶಾಲೆಯ ಪುಸ್ತಕಗಳಲ್ಲಿ ಬರುವ ಸರೋವರಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಮೇಲೆ 20-22 ಡಿಗ್ರಿ, ತಳದಲ್ಲಿ 5-6 ಡಿಗ್ರಿ ಹೀಗೆ ದೊಡ್ಡ ಅಂತರ. ನಮ್ಮಲ್ಲಿ ಮೇಲೆ 30 ಇದ್ದರೆ ಕೆಳಗೆ 27 ಇದ್ದೀತು. ಮೂರು ಡಿಗ್ರಿಯಲ್ಲಿ ಏನಾದೀತು ಎನಿಸಬಹುದು. ಇಲ್ಲಿಯೇ ನೀರಿನ ಗುಣ ತಿಳಿಯಬೇಕು. ಸಾವಿರ ಲೀಟರ್ ತಣ್ಣೀರನ್ನು 5ರಿಂದ 6 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಅಳತೆಯ ನೀರಿನ ತೂಕ ಸುಮಾರು 25 ಗ್ರಾಂ ಇಳಿಯುತ್ತದೆ. 29ರಿಂದ 30ಕ್ಕೆ ಕಾಯಿಸಿದರೆ ಸುಮಾರು 300 ಗ್ರಾಂ ಇಳಿಯುತ್ತದೆ. ಡಿಗ್ರಿ ಒಂದೇ, ಪರಿಣಾಮ ಹನ್ನೆರಡರಷ್ಟು! ಹೀಗಾಗಿ ಬಿಸಿ ಸೀಮೆಯಲ್ಲಿ ಎರಡು ಮೂರು ಡಿಗ್ರಿಯ ವ್ಯತ್ಯಾಸವೇ ನೀರನ್ನು ಎರಡು ಪದರವಾಗಿ ಬೇರ್ಪಡಿಸಿ ಇಡಲು ಸಾಕು.

ಇದೇ ಗುಣಕ್ಕೆ ಇನ್ನೊಂದು ಮುಖವಿದೆ. ಬೇಗ ಕಟ್ಟಿದ ಪದರ ಬೇಗ ಮುರಿಯುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದು ತಂಗಾಳಿ ಬೀಸಿದರೆ ಮೇಲಿನ ನೀರು ಒಂದೆರಡು ಡಿಗ್ರಿ ತಣ್ಣಗಾಗುತ್ತದೆ, ಭಾರವಾಗುತ್ತದೆ, ಕೆಳಗಿಳಿಯುತ್ತದೆ. ಅದರ ಜಾಗಕ್ಕೆ ಕೆಳಗಿನದು ಏರುತ್ತದೆ. ಕಾಯಲಿಟ್ಟ ಹಾಲು ಕೆಳಗಿನಿಂದ ಮೇಲಕ್ಕೆ ಹೊರಳುವುದನ್ನು ನೋಡಿರುತ್ತೀರಿ. ಇದು ಅದರ ತಿರುವುಮುರುವು, ಮೇಲಿನಿಂದ ತಂಪಾಗಿ ಹೊರಳುವುದು. ತೆಳು ನೀರಿನ ಕಡೆ ಈ ಹೊರಳಾಟ ಬೆಳಗಾಗುವುದರೊಳಗೆ ತಳ ಮುಟ್ಟಿಬಿಡುತ್ತದೆ. ಆಳದ ಕಡೆ ಅರ್ಧಕ್ಕೇ ನಿಲ್ಲುತ್ತದೆ. ಸೂರ್ಯ ಏರಿದ ಮೇಲೆ ಮತ್ತೆ ಪದರ.

ಹಚಿನ್ಸನ್ ಮತ್ತು ಲೋಫ್ಲರ್ ಎಂಬ ಇಬ್ಬರು ವಿಜ್ಞಾನಿಗಳು 1956ರಲ್ಲಿ ಜಗತ್ತಿನ ಸರೋವರಗಳನ್ನು ಅವು ಎಷ್ಟು ಸಲ ಕಲೆಯುತ್ತವೆ ಎಂಬುದರ ಮೇಲೆ ವಿಂಗಡಿಸಿದರು. ಮೇಲಿಂದ ಮೇಲೆ ಕಲೆಯುವಂಥವಕ್ಕೆ ಪಾಲಿಮಿಕ್ಟಿಕ್ ಎಂಬ ಹೆಸರು. ಬಿಸಿ ಸೀಮೆಯ ಆಳವಿಲ್ಲದ ಕೆರೆಗಳು ಈ ಜಾತಿಯವು. ಉಜನಿಯ ಹೆಚ್ಚಿನ ಭಾಗ ಇದಕ್ಕೇ ಸೇರುತ್ತದೆ. ಗೋಡೆಯ ಹತ್ತಿರದ ಆಳದ ಗುಂಡಿ ಮಾತ್ರ ತನ್ನದೇ ರೀತಿಯಲ್ಲಿ ವಾರಗಟ್ಟಲೆ ಪದರ ಹಿಡಿದು ಕೂರಬಲ್ಲದು.

ಗಾಳಿಯ ಕೈ

ನೀರನ್ನು ಕಲೆಸುವ ಎರಡನೆಯ ಶಕ್ತಿ ಗಾಳಿ. ಉಜನಿಯ ಹಿನ್ನೀರು ವಾಯವ್ಯದಿಂದ ಆಗ್ನೇಯಕ್ಕೆ ಉದ್ದಕ್ಕೆ ಚಾಚಿದೆ. ಸುತ್ತ ಗುಡ್ಡಗಳಿಲ್ಲ, ಬಟಾಬಯಲು. ಪಶ್ಚಿಮದ ಗಾಳಿ ಬೀಸಿತೆಂದರೆ ಅದಕ್ಕೆ ಕಿಲೋಮೀಟರುಗಟ್ಟಲೆ ತಡೆಯಿಲ್ಲದ ಓಟ. ಗಾಳಿ ಎಷ್ಟು ದೂರ ನೀರ ಮೇಲೆ ಓಡುತ್ತದೋ ತೆರೆ ಅಷ್ಟು ದೊಡ್ಡದಾಗುತ್ತದೆ.

ಮೇಲಿನ ನೀರನ್ನು ಗಾಳಿ ಪೂರ್ವದ ದಂಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ. ಗುಡ್ಡೆ ಬಿದ್ದ ನೀರು ಅಲ್ಲೇ ಇರಲಾರದು. ತಳದ ಗುಂಟ ಹಿಂದಕ್ಕೆ ಹರಿಯುತ್ತದೆ. ಮೇಲೆ ಹೋಗುವ ಹಾದಿ, ಕೆಳಗೆ ಬರುವ ಹಾದಿ. ದಂಡೆಯಲ್ಲಿ ನಿಂತವನಿಗೆ ತೆರೆ ತನ್ನ ಕಡೆಗೆ ಬರುವುದಷ್ಟೇ ಕಾಣುತ್ತದೆ, ಕಾಲ ಬುಡದಲ್ಲಿ ನೀರು ವಾಪಸು ಹೊರಟಿರುವುದು ಕಾಣುವುದಿಲ್ಲ.

ಗಾಳಿ ಬೀಸುವ ದಿನ ನೀರ ಮೇಲೆ ನೊರೆ ಅಥವಾ ಕಸದ ಉದ್ದುದ್ದ ಗೆರೆಗಳು ಗಾಳಿಯ ದಿಕ್ಕಿಗೇ ಸಾಲಾಗಿ ಮೂಡುವುದನ್ನೂ ನೋಡಿರಬಹುದು, ಬಿತ್ತಿದ ಹೊಲದ ಸಾಲಿನಂತೆ. ನೀರು ಗೆರೆಯಿಂದ ಗೆರೆಗೆ ಸುರುಳಿ ಸುತ್ತುತ್ತ ಮೇಲೆ ಕೆಳಗೆ ತಿರುಗುತ್ತಿರುತ್ತದೆ. ಎರಡು ಸುರುಳಿ ಕೂಡುವಲ್ಲಿ ಕಸ ಗೆರೆ ಕಟ್ಟುತ್ತದೆ. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1927ರಲ್ಲಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಾಗ ಕಡಲ ಪಾಚಿಯ ಇಂಥ ಸಾಲುಗಳನ್ನು ಕಂಡು, ಆಮೇಲೆ ಒಂದು ಸರೋವರದಲ್ಲಿ ಪರೀಕ್ಷೆ ಮಾಡಿ, 1938ರಲ್ಲಿ ಕಾರಣ ಬರೆದ. ನೊಬೆಲ್ ಬಹುಮಾನ ಪಡೆದಿದ್ದು ಮಾತ್ರ ಬೇರೆಯದೇ ಕೆಲಸಕ್ಕೆ.

ಗಾಳಿಯ ಈ ಕೈ ಎಷ್ಟು ಬಲವಾದದ್ದು ಎಂಬುದಕ್ಕೆ ಉಜನಿಯಲ್ಲಿ ಒಂದು ದುಃಖದ ಉದಾಹರಣೆಯೂ ಇದೆ. 2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕುಗಾವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಮಂದಿ ಸತ್ತರು. ಆಗ ಜಲಾಶಯದ ಮಟ್ಟ ತೀರ ಕೆಳಗಿತ್ತು. ನೀರು ಕಡಿಮೆ ಇದೆ, ಹೆದರಿಕೆ ಇಲ್ಲ ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ತಳದಲ್ಲಿ ಏನಾಗುತ್ತದೆ?

ಪದರ ಕಟ್ಟಿತು, ಮುರಿಯಿತು. ಅದರಿಂದ ಕುಡಿಯುವ ನೀರಿಗೇನು?

ಆಮ್ಲಜನಕ ನೀರಿಗೆ ಸೇರುವುದು ಮೇಲಿನಿಂದ. ಗಾಳಿಯಿಂದ ಸ್ವಲ್ಪ, ಹಗಲಿನಲ್ಲಿ ಪಾಚಿ ಬಿಡುವುದು ಸ್ವಲ್ಪ. ಅದರಲ್ಲೂ ಬಿಸಿ ನೀರು ಹಿಡಿದಿಟ್ಟುಕೊಳ್ಳುವುದು ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಪದರ ಕಟ್ಟಿದ ದಿನಗಳಲ್ಲಿ ಮೇಲಿನ ಆಮ್ಲಜನಕ ಕೆಳಗೆ ಇಳಿಯುವುದಿಲ್ಲ. ಕೆಳಗಾದರೋ ಸತ್ತ ಪಾಚಿ, ಕೊಳೆತ ಜಲಪರ್ಣಿ, ಚರಂಡಿಯಿಂದ ಬಂದ ಗಾಳ ಎಲ್ಲ ಕೂತಿರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಬಿಸಿ ನೀರಿನಲ್ಲಿ ಅವುಗಳ ಹಸಿವೂ ಹೆಚ್ಚು. ಚಳಿ ದೇಶದ ಸರೋವರದಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ ನಮ್ಮ ಕೆಸರಿನ ಮೇಲೆ ಕೆಲವು ದಿನಗಳಲ್ಲೇ ಮುಗಿದೀತು.

ಆಮ್ಲಜನಕ ಮುಗಿದ ಮೇಲೆ ತಳದ ಕೆಸರಿನ ನಡತೆ ಬದಲಾಗುತ್ತದೆ. ಅಲ್ಲಿಯವರೆಗೆ ರಂಜಕವನ್ನು ಅಂದರೆ ಫಾಸ್ಫರಸ್ಸನ್ನು ಹಿಡಿದಿಟ್ಟುಕೊಂಡಿದ್ದ ಕಬ್ಬಿಣದ ತುಕ್ಕು ಕರಗುತ್ತದೆ, ಜೊತೆಗೆ ರಂಜಕವೂ ನೀರಿಗೆ ಬಿಡುತ್ತದೆ. ಮ್ಯಾಂಗನೀಸ್ ಕರಗುತ್ತದೆ. ಅಮೋನಿಯಾ ಸೇರುತ್ತದೆ. ಕೊಳೆತ ತತ್ತಿಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇದೆಲ್ಲ ಕೆಳಗೆ ಮುಚ್ಚಿಟ್ಟ ಪಾತ್ರೆಯಲ್ಲಿದ್ದಂತೆ ಇರುತ್ತದೆ. ಮೇಲಿನಿಂದ ನೋಡಿದವರಿಗೆ ಜಲಾಶಯ ಶಾಂತವಾಗಿ, ಚೆಂದವಾಗಿಯೇ ಕಾಣುತ್ತದೆ. ಮುಚ್ಚಳ ತೆಗೆಯುವುದು ಗಾಳಿ ಅಥವಾ ಚಳಿ.

ಅಡ್ಡಮಳೆಯ ಮರುದಿನ ಮೀನು ಸಾಯುವುದರ ಗುಟ್ಟೂ ಇದೇ. ಏಪ್ರಿಲ್-ಮೇ ತಿಂಗಳ ಒಂದೆರಡು ವಾರ ಗಾಳಿಯಿಲ್ಲದೆ ಕಾದಿರುತ್ತದೆ. ಸಂಜೆ ಒಮ್ಮೆಲೇ ಗುಡುಗು, ಬಿರುಗಾಳಿ, ತಣ್ಣನೆಯ ಆಲಿಕಲ್ಲು ಮಳೆ. ಮರಾಠಿಯಲ್ಲಿ ವಳವಾಚಾ ಪಾವೂಸ ಎನ್ನುವ ಮಳೆ. ಮೇಲಿನ ಪದರ ತಣಿದು ಮುಳುಗುತ್ತದೆ, ಗಾಳಿ ಕಡೆಯುತ್ತದೆ, ತಳದ ಉಸಿರಿಲ್ಲದ ನೀರು ಒಂದೇ ರಾತ್ರಿಯಲ್ಲಿ ಎಲ್ಲೆಡೆ ಹರಡುತ್ತದೆ. ಮೊದಲೇ ರಾತ್ರಿ ಹೊತ್ತು ಪಾಚಿಯೂ ಆಮ್ಲಜನಕ ಉಣ್ಣುತ್ತದೆ, ಬಿಡುವುದಿಲ್ಲ. ಹೀಗಾಗಿ ನಸುಕಿನಲ್ಲಿ ನೀರಿನ ಉಸಿರು ಅತಿ ಕಡಿಮೆ. ಕಟ್ಲಾ, ರೋಹು ಮೊದಲು ಬಾಯಿ ಬಿಡುತ್ತವೆ. ಚಿಲಾಪಿ, ಅಂದರೆ ಕರ್ನಾಟಕದ ಕಡೆಯವರ ಜಿಲೇಬಿ ಮೀನು, ಕಡಿಮೆ ಆಮ್ಲಜನಕದಲ್ಲೂ ತಡೆದುಕೊಳ್ಳುವ ಗಟ್ಟಿ ಜೀವ. ಸತ್ತ ಮೀನಿನ ಸುದ್ದಿ ಬಂದಾಗಲೆಲ್ಲ ಯಾರೋ ವಿಷ ಹಾಕಿದರು ಎಂಬ ಮಾತು ಹುಟ್ಟುತ್ತದೆ. ಕೆಲವು ಸಲ ಅದು ನಿಜವೂ ಇದ್ದೀತು. ಆದರೆ ಹಿಂದಿನ ಸಂಜೆ ಗಾಳಿಮಳೆ ಆಗಿತ್ತೇ ಎಂದು ಮೊದಲು ಕೇಳುವುದು ಒಳ್ಳೆಯದು.

ವರ್ಷದ ಸುತ್ತು

ಜೂನ್‌ನಲ್ಲಿ ಪಶ್ಚಿಮದ ಗಾಳಿ ಜೋರು, ನೀರು ವರ್ಷದಲ್ಲೇ ಅತಿ ಕಡಿಮೆ. ಪರಾತದ ತಳದಲ್ಲಿ ಉಳಿದ ನೀರನ್ನು ಗಾಳಿ ಕೆಸರಿನ ಸಮೇತ ಕಲೆಸುತ್ತದೆ. ಆಗ ಪದರವೂ ಇಲ್ಲ, ತಿಳಿಯೂ ಇಲ್ಲ. ಅಷ್ಟರಲ್ಲಿ ಮೇಲ್ಗಡೆಯ ಮೊದಲ ಹೊನಲು ಬರುತ್ತದೆ. ನಗರಗಳ ಹೊಳೆಪಾತ್ರದಲ್ಲಿ ಬೇಸಿಗೆಯಿಡೀ ಕೂತಿದ್ದ ಕೊಳೆಯನ್ನು ತೊಳೆದು ತರುವ ಹೊನಲು ಅದು.

ಜುಲೈ-ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಮಳೆ ನೀರು ಪುಣೆಯ ಮೇಲಿನ ಅಣೆಕಟ್ಟುಗಳನ್ನು ತುಂಬಿಸಿ ಇಳಿದು ಬರುತ್ತದೆ. ಇದು ಜಲಾಶಯದ ನೀರಿಗಿಂತ ತಂಪು, ಮಣ್ಣು ತುಂಬಿ ಭಾರ. ಆದ್ದರಿಂದ ಹಿನ್ನೀರಿಗೆ ಬಂದೊಡನೆ ಮೇಲೆ ಹರಡಿಕೊಳ್ಳದೆ ಮುಳುಗಿ, ಹಳೆಯ ಹೊಳೆಪಾತ್ರ ಹಿಡಿದು ತಳದಲ್ಲೇ ಸಾಗುತ್ತದೆ. ಮುಳುಗುವ ಜಾಗದಲ್ಲಿ ಕಡ್ಡಿ, ನೊರೆ, ಜಲಪರ್ಣಿ ಅಡ್ಡಗೆರೆಯಂತೆ ನಿಂತಿರುತ್ತವೆ. ಈ ಕಡೆ ರಾಡಿ, ಆ ಕಡೆ ಹಳೆಯ ನೀರು, ನಡುವೆ ಗೆರೆ. ಮೀನುಗಾರರಿಗೆ ಆ ಗೆರೆ ಪರಿಚಿತ. ತಳದಲ್ಲಿ ಸಾಗಿದ ಹೊಸ ನೀರು ಹಳೆಯ ಕೆಟ್ಟ ನೀರನ್ನು ಎತ್ತಿ ಮುಂದೆ ದೂಡುತ್ತದೆ. ಬಾಗಿಲು ತೆರೆದರೆ ಮೊದಲು ಹೊರಗೆ ಬರುವುದು ಬಂದ ನೀರೇ ಆಗಿರಬೇಕೆಂದೇನೂ ಇಲ್ಲ!

ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಲಾಶಯ ತುಂಬಿರುತ್ತದೆ, ಮೋಡ ಇರುತ್ತದೆ, ಗಾಳಿ ಇರುತ್ತದೆ. ರಾಡಿಯಲ್ಲಿ ಬೆಳಕು ಇಳಿಯದ್ದರಿಂದ ಪಾಚಿಗೆ ಬೆಳೆಯಲು ಆಗದು. ಹೊಟ್ಟೆಗೆ ಗೊಬ್ಬರ ಬೇಕಾದಷ್ಟಿದ್ದರೂ ಕಣ್ಣಿಗೆ ಬೆಳಕಿಲ್ಲದ ಸ್ಥಿತಿ.

ಅಕ್ಟೋಬರ್ ಬಂದರೆ ಎಲ್ಲ ಒಟ್ಟಿಗೆ ಒದಗುತ್ತದೆ. ಗಾಳಿ ನಿಲ್ಲುತ್ತದೆ. ಆಕಾಶ ತೆರೆಯುತ್ತದೆ. 'ಅಕ್ಟೋಬರ್ ಹೀಟ್' ಎಂದು ಮರಾಠಿ ಪೇಪರುಗಳೇ ಬರೆಯುವ ಬಿಸಿಲು. ಮಣ್ಣು ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ಮೇಲಿನ ಪದರ ಕಾದು ಹಲವು ದಿನ ಹಾಗೇ ನಿಲ್ಲುತ್ತದೆ. ಇದು ಮೈಕ್ರೋಸಿಸ್ಟಿಸ್ ಮುಂತಾದ ನೀಲಿ-ಹಸಿರು ಪಾಚಿಗೆ, ಮರಾಠಿಯ ಶೇವಾಳಕ್ಕೆ, ಹಬ್ಬ. ಈ ಪಾಚಿಯ ಕಣಗಳೊಳಗೆ ಗಾಳಿಯ ಸಣ್ಣ ಚೀಲಗಳಿವೆ. ಬೇಕಾದಾಗ ತೇಲಿ ಬೆಳಕಿಗೆ ಬರುತ್ತದೆ, ಬೇಡವಾದಾಗ ಇಳಿಯುತ್ತದೆ. ಅಲುಗದ ನೀರಿನಲ್ಲಿ ಈ ಉಪಾಯ ಫಲಿಸುತ್ತದೆ, ಕಲಕುವ ನೀರಿನಲ್ಲಿ ಫಲಿಸುವುದಿಲ್ಲ. ಬೆಳಗ್ಗೆ ಗಾಳಿ ಏಳುವ ಮೊದಲು ದಂಡೆಯಲ್ಲಿ ಹಸಿರು ಪೇಂಟ್ ಚೆಲ್ಲಿದಂತೆ ಕಾಣುವುದು ಇದೇ. ಮಧ್ಯಾಹ್ನ ಗಾಳಿ ಬಿಟ್ಟ ಮೇಲೆ ಅದು ಚದುರುತ್ತದೆ, ಅಥವಾ ಗಾಳಿ ಹೋಗುವ ದಿಕ್ಕಿನ ದಂಡೆಯಲ್ಲಿ ಕೆನೆಯಂತೆ ರಾಶಿ ಬೀಳುತ್ತದೆ.

ನವೆಂಬರ್‌ನಿಂದ ಜನವರಿಯವರೆಗೆ ದೊಡ್ಡ ಮಗ್ಗಲು. ಸೊಲ್ಲಾಪುರ ಸೀಮೆಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಒಣಗಾಳಿಗೆ ನೀರು ಆವಿಯಾಗುತ್ತ ಮೇಲ್ಮೈ ಇನ್ನಷ್ಟು ತಣಿಯುತ್ತದೆ, ಮಣ್ಣಿನ ಹೂಜಿ ತಂಪಾಗುವ ರೀತಿಯಲ್ಲೇ. ದಿನದಿಂದ ದಿನಕ್ಕೆ ಹೊರಳಾಟ ಆಳಕ್ಕೆ ಇಳಿದು, ಕೊನೆಗೆ ಗೋಡೆಯ ಹತ್ತಿರದ ಗುಂಡಿಯನ್ನೂ ಮುಟ್ಟುತ್ತದೆ. ತಿಂಗಳುಗಳಿಂದ ತಳದಲ್ಲಿದ್ದ ಕಬ್ಬಿಣ, ಮ್ಯಾಂಗನೀಸ್, ಅಮೋನಿಯಾ, ರಂಜಕ ಎಲ್ಲ ಮೇಲೆ. ಕೆಲವು ದಿನ ನೀರಿನ ಬಣ್ಣ, ರುಚಿ ಕೆಡುತ್ತದೆ. ನಳದ ನೀರಿನಲ್ಲಿ ಬಟ್ಟೆ ಒಗೆದರೆ ಕಂದು ಕಲೆ ಉಳಿಯುವುದಕ್ಕೆ ಮ್ಯಾಂಗನೀಸ್ ಒಂದು ಕಾರಣ. ಸಾಯುವ ಪಾಚಿಯಿಂದ ಬಿಡುಗಡೆಯಾಗುವ ಜಿಯೋಸ್ಮಿನ್ ಎಂಬ ವಸ್ತುವಿನದು ಹಸಿಮಣ್ಣಿನ ವಾಸನೆ. ಅದು ಆರೋಗ್ಯ ಕೆಡಿಸುವುದಿಲ್ಲ, ಆದರೆ ಲೀಟರಿಗೆ ಗ್ರಾಂನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ.

ಈ ಕೆಟ್ಟ ವಾರಗಳು ಕಳೆದ ಮೇಲೆ ಬರುವ ಜನವರಿ-ಫೆಬ್ರವರಿ ಜಲಾಶಯದ ಒಳ್ಳೆಯ ದಿನಗಳು. ಮೇಲಿನಿಂದ ತಳದವರೆಗೆ ಉಸಿರಿರುವ ನೀರು. ಮಗ್ಗಲು ಬದಲಿಸುವುದು ಕಾಯಿಲೆಯಲ್ಲ, ಜಲಾಶಯ ಉಸಿರೆಳೆದುಕೊಳ್ಳುವ ರೀತಿ ಅದು. ತಳದಲ್ಲಿ ಹೊಲಸು ಕಡಿಮೆಯಿದ್ದ ಕೆರೆ ಹೀಗೆ ಮಗ್ಗಲು ಬದಲಿಸಿದರೆ ಯಾರಿಗೂ ತಿಳಿಯುವುದೂ ಇಲ್ಲ.

ಕೆಳಗಿನ ಊರುಗಳಿಗೆ

ಹೊಳೆಗೆ ಬಿಟ್ಟ ನೀರು ಪಂಢರಪುರ ದಾಟಿ ಔಜ, ಚಿಂಚಪೂರ ಬಂಧಾರಾಗಳಿಗೆ ತಲುಪಲು ವಾರದ ಮೇಲಾಗುತ್ತದೆ. ಸೊಲ್ಲಾಪುರ ನಗರ ಒಂದು ಪಾಲನ್ನು ಪೈಪಿನಲ್ಲಿ ನೇರ ಉಜನಿಯಿಂದಲೂ, ಇನ್ನೊಂದು ಪಾಲನ್ನು ಟಾಕಳಿಯ ಹತ್ತಿರ ಭೀಮೆಯಿಂದಲೂ ಎತ್ತುತ್ತದೆ. ಅದಕ್ಕೂ ಕೆಳಗೆ ಅಕ್ಕಲಕೋಟೆ ತಾಲೂಕಿನ ಹಿಳ್ಳಿ, ಆಚೆ ದಂಡೆಯಲ್ಲಿ ಇಂಡಿಯ ಊರುಗಳು, ಮುಂದೆ ಅಫಜಲಪುರದ ಊರುಗಳು.

ಬಿಡುವ ನೀರು ಮೇಲಿನ ಪದರದ್ದೋ ಕೆಳಗಿನದ್ದೋ ಎಂಬುದರ ಮೇಲೆ ಅದರ ಗುಣ ನಿಂತಿದೆ. ಮಳೆಗಾಲದಲ್ಲಿ ದೊಡ್ಡ ಬಾಗಿಲುಗಳಿಂದ ಧುಮುಕುವುದು ಮೇಲಿನ ನೀರು. ಬೇಸಿಗೆಯಲ್ಲಿ ಮೈನಸ್‌ನಲ್ಲಿರುವಾಗ ಬಿಡುವುದು ಕೆಳಗಿನ ತೂಬಿನ ನೀರು. ದಾರಿಯುದ್ದಕ್ಕೂ ಕಲ್ಲಿಗೆ ಬಡಿದು ಹರಿದರೆ ಹೊಳೆ ಅದಕ್ಕೆ ಮತ್ತೆ ಆಮ್ಲಜನಕ ತುಂಬುತ್ತದೆ, ವಾಸನೆಯ ಅನಿಲ ಹಾರಿಹೋಗುತ್ತದೆ. ಕರಗಿದ ರಂಜಕ ಮಾತ್ರ ಹಾರಿಹೋಗುವುದಿಲ್ಲ. ಅದು ಬಂಧಾರಾದ ನಿಂತ ನೀರಿಗೆ ಬಂದು ಕೂತು, ಅಲ್ಲಿ ಮತ್ತೊಂದು ಸಣ್ಣ ಉಜನಿಯನ್ನು ಹುಟ್ಟಿಸುತ್ತದೆ. ಬಂಧಾರಾ ಆಳ ಕೆಲವೇ ಮೀಟರ್. ಅದರ ಹಗಲು-ರಾತ್ರಿಯ ಹೊರಳಾಟ ಇನ್ನೂ ಚುರುಕು.

ಹಸಿರು ಕೆನೆ ಕಟ್ಟಿದ ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಕುದಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಮೈಕ್ರೋಸಿಸ್ಟಿಸ್‌ನಂಥ ಪಾಚಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಕುದಿಸಿದರೆ ಹೋಗುವುದಿಲ್ಲ. ಪಾಚಿಯ ಕಣ ಒಡೆದು ವಿಷ ನೀರಿಗೇ ಬಿಡುವ ಸಂಭವವಿದೆ. ಅದು ಯಕೃತ್ತಿಗೆ ಪೆಟ್ಟು ಕೊಡುವ ವಿಷ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಇದು ಒಂದು ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲ ಹಸಿರು ನೀರಿನಲ್ಲೂ ವಿಷ ಇರುತ್ತದೆ ಎಂದಲ್ಲ, ಆದರೆ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಬಟ್ಟೆಯಲ್ಲಿ ಸೋಸಿದರೆ ಪಾಚಿ ಸ್ವಲ್ಪ ಹೋದೀತು, ಕರಗಿದ ವಿಷ ಹೋಗದು. ಅಂಥ ದಿನಗಳಲ್ಲಿ ಕುಡಿಯಲು ಹ್ಯಾಂಡ್‌ಪಂಪ್ ಅಥವಾ ಬೋರ್ ನೀರು ವಾಸಿ. ದನಕರುಗಳನ್ನು ಕೆನೆ ರಾಶಿ ಬಿದ್ದ ದಂಡೆಗೆ ಇಳಿಸಬಾರದು. ಪಡುಗಾಳಿ ಬೀಸಿದ್ದರೆ ಆ ರಾಶಿ ಮೂಡಣ ದಂಡೆಯಲ್ಲಿರುತ್ತದೆ, ಎದುರು ದಂಡೆ ಅಷ್ಟು ಹೊತ್ತಿಗೆ ಚೊಕ್ಕ. ಪಂಪಿನ ಫುಟ್‌ವಾಲ್ವ್ ಮೇಲ್ಮೈಯಲ್ಲೂ ಬೇಡ, ಕೆಸರಿನಲ್ಲೂ ಬೇಡ, ನಡುವೆ ತೂಗಿಬಿಡುವುದು ಒಳ್ಳೆಯದು.

ಜಲಾಶಯವನ್ನೇ ಕಲೆಸಿ ಪದರ ಕಟ್ಟದಂತೆ ಮಾಡಬಾರದೇ? ಸಣ್ಣ ಕೆರೆಗಳಲ್ಲಿ ತಳಕ್ಕೆ ಪೈಪು ಇಳಿಸಿ ಗಾಳಿಯ ಗುಳ್ಳೆ ಬಿಟ್ಟು ಹಾಗೆ ಮಾಡುತ್ತಾರೆ, ಫಲವೂ ಇದೆ. 337 ಚದರ ಕಿಲೋಮೀಟರಿಗೆ ಅದು ಆಗದ ಮಾತು. ಜಲಪರ್ಣಿ ಕೀಳುವುದು ಒಳ್ಳೆಯದೇ, ಕಿತ್ತದ್ದನ್ನು ದಂಡೆಯಲ್ಲೇ ಬಿಟ್ಟರೆ ಮುಂದಿನ ಮಳೆಗೆ ಕೊಳೆತು ವಾಪಸು ನೀರಿಗೆ. ನಿಜವಾದ ಕೆಲಸ ಇರುವುದು ಮೇಲಿನ ನಗರಗಳ ಚರಂಡಿ ಶುದ್ಧೀಕರಣದಲ್ಲಿ. ಅದು ನಾಳೆಯೇ ಪೂರ್ತಿಯಾದರೂ 1980ರಿಂದ ತಳದಲ್ಲಿ ಕೂತ ಗಾಳ ಇನ್ನೂ ಎಷ್ಟೋ ವರ್ಷ ತನ್ನ ರಂಜಕವನ್ನು ಬಿಡುತ್ತಲೇ ಇರುತ್ತದೆ.

ಈಗಲೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಗೋಡೆಯ ಹತ್ತಿರ ದೋಣಿಯಿಂದ ಅಳತೆಯ ಹಗ್ಗಕ್ಕೆ ಕಟ್ಟಿದ ಮೀಟರನ್ನು ಇಳಿಸುತ್ತ, ಪ್ರತಿ ಎರಡು ಮೀಟರಿಗೆ ಉಷ್ಣತೆ ಮತ್ತು ಆಮ್ಲಜನಕ ಬರೆದುಕೊಳ್ಳುವುದು. ಒಂದು ಗಂಟೆಯ ಕೆಲಸ. ಪದರ ಎಲ್ಲಿದೆ, ಕೆಳಗೆ ಉಸಿರಿದೆಯೇ ಇಲ್ಲವೇ ಎಂಬುದು ಅದರಿಂದ ಅಲ್ಲೇ ತಿಳಿಯುತ್ತದೆ. ನೀರು ಬಿಡುವ ಸುದ್ದಿಯಲ್ಲಿ ಎಷ್ಟು ಕ್ಯೂಸೆಕ್ ಎಂದು ಬರುತ್ತದೆ, ಯಾವ ಆಳದ ನೀರು, ಅದರಲ್ಲಿ ಆಮ್ಲಜನಕ ಎಷ್ಟು ಎಂದು ಬರುವುದಿಲ್ಲ. ಆ ಎರಡು ಅಂಕಿಗಳು ಸುದ್ದಿಯ ಜೊತೆ ಬಂದರೆ, ನೀರು ಔಜಕ್ಕೆ ಮುಟ್ಟುವ ವಾರದೊಳಗೆ ಕೆಳಗಿನ ಊರಿನವರಿಗೆ ಟಾಕಿ ತುಂಬಿಸಿಕೊಳ್ಳಲು, ಬೋರಿನ ಮೋಟರು ರಿಪೇರಿ ಮಾಡಿಸಿಕೊಳ್ಳಲು ಹೊತ್ತು ಸಿಗುತ್ತದೆ.